ಸೀಟು ಸಿಕ್ಕಿದೆ, ಹಣದ ಮಾತು ಬಾಕಿ ಇದೆ

ಇಂಜಿನಿಯರಿಂಗ್ ಓದಲು ಮಕ್ಕಳು ಅಮೆರಿಕಕ್ಕೆ ಹೊರಟರೆ ನಮ್ಮ ವಿಲೆ ಪಾರ್ಲೆಯ ಪ್ರತಿ ಸೊಸೈಟಿಯಲ್ಲೂ ಸಲಹೆ ಕೊಡುವವರು ಸಿಗುತ್ತಾರೆ. ಯಾವ ಬ್ಯಾಂಕಿನಲ್ಲಿ ಸಾಲ ಬೇಗ ಸಿಗುತ್ತದೆ, ಪ್ರೆಷರ್ ಕುಕ್ಕರನ್ನು ಯಾವ ಪೆಟ್ಟಿಗೆಯಲ್ಲಿ ಹಾಕಬೇಕು, ಎಲ್ಲ ಗೊತ್ತು ಅವರಿಗೆ. ಆದರೆ ಮಗಳು ಕತೆ ಬರೆಯುವುದನ್ನು ಕಲಿಯಲು, ಅಂದರೆ ಕ್ರಿಯೇಟಿವ್ ರೈಟಿಂಗ್‌ನಲ್ಲಿ ಎಂಎಫ್‌ಎ ಮಾಡಲು ಅರ್ಜಿ ಹಾಕಿದ್ದಾಳೆ ಎಂದರೆ ಲಿಫ್ಟಿನಲ್ಲಿ ಎಲ್ಲರೂ ಸುಮ್ಮನಾಗುತ್ತಾರೆ. ಊರಿನಿಂದ ಫೋನ್ ಮಾಡಿದ ನನ್ನ ಅಣ್ಣನಂತೂ ನೇರವಾಗಿಯೇ ಕೇಳಿದ: "ಕತೆ ಬರೆಯೋದಕ್ಕೂ ಡಿಗ್ರಿ ಬೇಕೇನೇ?"

ಮಗಳಿಗೆ 26 ವರ್ಷ. ಜಾಹೀರಾತು ಕಂಪನಿಯೊಂದರಲ್ಲಿ ಕೆಲಸ. ಈ ಮಾರ್ಚ್‌ನಲ್ಲಿ ಅವಳಿಗೆ ಎರಡು ಪತ್ರ ಬಂದವು. ಒಂದು ವಿಶ್ವವಿದ್ಯಾಲಯ ಸೀಟು ಕೊಟ್ಟಿದೆ, ಆದರೆ ಫೀಸು ಮನ್ನಾ ಮತ್ತು ಸ್ಟೈಪೆಂಡಿನ ವಿಷಯವನ್ನು ನಂತರ ತಿಳಿಸುತ್ತೇವೆ ಎಂದಿದೆ. ಇನ್ನೊಂದು ಅವಳನ್ನು ವೇಟ್‌ಲಿಸ್ಟ್‌ನಲ್ಲಿ ಇಟ್ಟಿದೆ. ಹೌದು ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ. ಇಂಥ ಉತ್ತರ ಇಟ್ಟುಕೊಂಡು ಕಾಯುವುದು ಹೇಗೆ ಎಂಬುದೇ ಒಂದು ತಿಂಗಳಿನಿಂದ ನಮ್ಮ ಮನೆಯ ಮಾತು. ಇದೇ ಸ್ಥಿತಿಯಲ್ಲಿರುವ ಮನೆಗಳಿಗೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ಮೊದಲು ಅಣ್ಣನ ಪ್ರಶ್ನೆ. ಡಿಗ್ರಿ ಬೇಕಾಗಿಲ್ಲ ಎನ್ನುವುದಕ್ಕೆ ಮುಂಬೈ ಕನ್ನಡಿಗರಾದ ನಮ್ಮ ಬಳಿ ಸಾಕ್ಷಿ ಇದೆ. ಬಾಂದ್ರಾದಲ್ಲಿ ಬಾಳಿದ ಯಶವಂತ ಚಿತ್ತಾಲರು ಪಾಲಿಮರ್ ರಸಾಯನದ ತಜ್ಞರು. ಕೆಲಸ ಮಾಡುತ್ತಲೇ ಬರೆದರು. ಅವರ 'ಶಿಕಾರಿ' ಬಂದದ್ದು 1979ರಲ್ಲಿ. ಜಯಂತ ಕಾಯ್ಕಿಣಿಯವರು ಬಯೋಕೆಮಿಸ್ಟ್ರಿ ಓದಿ ಇಲ್ಲಿನ ಔಷಧ ಕಂಪನಿಯಲ್ಲಿದ್ದವರು. ಅವರ ಮುಂಬೈ ಕತೆಗಳ ಇಂಗ್ಲಿಷ್ ಅನುವಾದಕ್ಕೆ 2018ರ ಡಿಎಸ್‌ಸಿ ಪ್ರಶಸ್ತಿ ಬಂತು. ಇಬ್ಬರಿಗೂ ಕತೆ ಬರೆಯಲು ಯಾರೂ ಸರ್ಟಿಫಿಕೇಟ್ ಕೊಟ್ಟಿರಲಿಲ್ಲ.

ಹಾಗಾದರೆ ಈ ಕೋರ್ಸುಗಳಿಂದ ಏನು ಸಿಗುತ್ತದೆ? ಅದಕ್ಕೆ ಯು.ಆರ್. ಅನಂತಮೂರ್ತಿಯವರ ಉದಾಹರಣೆ ನೋಡಬಹುದು. ಅವರು ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ ಹೋದದ್ದು ಪಿಎಚ್‌ಡಿ ಮಾಡಲು, ಕಾದಂಬರಿ ಬರೆಯಲು ಅಲ್ಲ. ಅಲ್ಲಿ ಮೇಷ್ಟ್ರಾಗಿದ್ದ ಕಾದಂಬರಿಕಾರ ಮಾಲ್ಕಂ ಬ್ರಾಡ್‌ಬರಿಯವರ ಜತೆ ಬರ್ಗ್‌ಮನ್‌ನ 'ದಿ ಸೆವೆಂತ್ ಸೀಲ್' ಸಿನಿಮಾ ನೋಡಿ ಬಂದ ಮೇಲೆ 'ಸಂಸ್ಕಾರ' ಬರೆಯತೊಡಗಿದ್ದನ್ನು ಅವರೇ ಹಲವು ಕಡೆ ಹೇಳಿದ್ದಾರೆ. 1965ರಲ್ಲಿ ಕಾದಂಬರಿ ಅಚ್ಚಾಯಿತು. ಅದೇ ಬ್ರಾಡ್‌ಬರಿ 1970ರಲ್ಲಿ ಆಂಗಸ್ ವಿಲ್ಸನ್ ಜತೆ ಸೇರಿ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದಲ್ಲಿ ಸೃಜನಶೀಲ ಬರವಣಿಗೆಯ ಎಂ.ಎ. ಶುರುಮಾಡಿದರು. ಅನಂತಮೂರ್ತಿಯವರಿಗೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಕನ್ನಡ ಕಾದಂಬರಿ ಬರೆಯುವುದನ್ನು ಯಾರೂ ಕಲಿಸಲಿಲ್ಲ. ಅವರಿಗೆ ಸಿಕ್ಕಿದ್ದು ಸಮಯ, ಊರಿನಿಂದ ದೂರ, ಮಾತಾಡಲು ತಕ್ಕ ಜನ. ಎಂಎಫ್‌ಎ ಕೂಡ ಕೊಡುವುದು ಮುಖ್ಯವಾಗಿ ಇದನ್ನೇ. 1936ರಲ್ಲಿ ಶುರುವಾದ ಅಯೋವಾ ರೈಟರ್ಸ್ ವರ್ಕ್‌ಶಾಪ್‌ನಿಂದ ಹಬ್ಬಿದ ಪದ್ಧತಿ ಸರಳವಾದದ್ದು: ನಿಮ್ಮ ಕತೆಯನ್ನು ಸಹಪಾಠಿಗಳು ಮೊದಲೇ ಓದಿ ಬಂದು ಚರ್ಚಿಸುತ್ತಾರೆ, ನೀವು ಸುಮ್ಮನೆ ಕೂತು ಕೇಳುತ್ತೀರಿ.

ಇದಕ್ಕೆ ಬೆಲೆ ಇದೆ. ಎಷ್ಟು ಬೆಲೆ ಎನ್ನುವುದನ್ನು ಲೆಕ್ಕ ಹಾಕಲೇಬೇಕು. ಬ್ಯಾಂಕಿನಲ್ಲಿ ವರ್ಷಗಟ್ಟಲೆ ಸಾಲದ ಅರ್ಜಿ ನೋಡಿದವಳು ನಾನು. ಫೀಸು, ಬಾಡಿಗೆ, ಊಟ ಎಲ್ಲ ಸೇರಿ ಎರಡು ವರ್ಷಕ್ಕೆ 50 ಲಕ್ಷ ಸಾಲ ಎಂದುಕೊಳ್ಳಿ. ಶೇ. 10.5ರ ಬಡ್ಡಿಯಲ್ಲಿ 10 ವರ್ಷ ಕಟ್ಟಿದರೆ ತಿಂಗಳ ಕಂತು ಸುಮಾರು 67,500 ರೂಪಾಯಿ. ಓದುವ ಕಾಲದ ಬಡ್ಡಿ ಬೇರೆ. ಇಂಜಿನಿಯರಿಂಗ್ ಓದಿದವರಿಗೆ ಓದು ಮುಗಿದ ಮೇಲೆ ಅಮೆರಿಕದಲ್ಲಿ ಕೆಲಸ ಮಾಡಲು 12 ತಿಂಗಳು, ಆಮೇಲೆ ಇನ್ನೂ 24 ತಿಂಗಳು ಅವಕಾಶ ಇರುತ್ತದೆ. ಕತೆ ಬರೆಯಲು ಕಲಿತವರಿಗೆ ಆ ಹೆಚ್ಚಿನ 24 ತಿಂಗಳು ಸಿಗುವುದಿಲ್ಲ. ಸಾಲ ತೀರಿಸುವ ದಾರಿಯೇ ಕಿರಿದು. ನಮ್ಮವರು "ಮನೆ ಅಡ ಇಟ್ಟರಾಯಿತು" ಎಂದರು. ನಮ್ಮ ಹಳೆಯ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗುವ ಹಂತದಲ್ಲಿದೆ. ಇರುವುದು ಇದೊಂದೇ ಆಸ್ತಿ. ಮಗಳೇ ಬೇಡ ಎಂದಳು: "ಅಮ್ಮಾ, ಈ ಮನೆ ಒತ್ತೆ ಇಟ್ಟು ಹೋದರೆ ನನಗೆ ಅಲ್ಲಿ ಒಂದು ಸಾಲೂ ಬರೆಯೋದಕ್ಕೆ ಆಗಲ್ಲ."

ಆಗ ನಾವು ಮೂವರೂ ಕೂತು ಮೂರು ಗೆರೆ ಎಳೆದುಕೊಂಡೆವು. ಫೀಸು ಪೂರ್ತಿ ಮನ್ನಾ ಆಗಿ, ಬದುಕುವಷ್ಟು ಸ್ಟೈಪೆಂಡ್ ಎರಡೂ ವರ್ಷ ಸಿಕ್ಕರೆ ಹೋಗುವುದು. ಅರ್ಧಂಬರ್ಧ ಸಿಕ್ಕರೆ 10 ಲಕ್ಷದವರೆಗೆ ಸಾಲ; ಅದರ ಕಂತು ಸುಮಾರು 13,500, ವಾಪಸು ಬಂದು ಇಲ್ಲಿನ ಸಂಬಳದಲ್ಲೇ ಕಟ್ಟಬಹುದು. ಏನೂ ಸಿಗದಿದ್ದರೆ ಧನ್ಯವಾದ ಹೇಳಿ ಸೀಟು ಬಿಡುವುದು. ಉತ್ತರ ಬರುವ ಮೊದಲೇ ಇದನ್ನು ಬರೆದಿಟ್ಟದ್ದು ಒಳ್ಳೆಯದಾಯಿತು. ಪತ್ರ ಬಂದ ದಿನದ ಸಂಭ್ರಮದಲ್ಲಾಗಲಿ ದುಃಖದಲ್ಲಾಗಲಿ ಇಂಥ ಲೆಕ್ಕ ಸರಿಯಾಗಿ ಆಗುವುದಿಲ್ಲ.

ಆಮೇಲೆ ಮಗಳು ವಿಶ್ವವಿದ್ಯಾಲಯಕ್ಕೆ ಚಿಕ್ಕ ಇಮೇಲ್ ಬರೆದಳು. ನಾಲ್ಕೇ ಪ್ರಶ್ನೆ. ನೆರವು ಒಂದು ವರ್ಷಕ್ಕೋ ಎರಡು ವರ್ಷಕ್ಕೋ? ಅದಕ್ಕೆ ವಾರಕ್ಕೆ ಎಷ್ಟು ಗಂಟೆ ಪಾಠ ಮಾಡಬೇಕು, ಬೇಸಿಗೆ ರಜೆಯಲ್ಲೂ ಹಣ ಬರುತ್ತದೆಯೇ? ಆರೋಗ್ಯ ವಿಮೆ ಯಾರ ಖರ್ಚು? ವೀಸಾ ತಡವಾದರೆ ಸೀಟು ಮತ್ತು ನೆರವು ಎರಡನ್ನೂ ಮುಂದಿನ ವರ್ಷಕ್ಕೆ ಉಳಿಸುತ್ತೀರಾ? ಹೀಗೆ ಕೇಳಿದರೆ ಸೀಟು ಹೋದೀತು ಎಂಬ ಭಯ ನಮ್ಮಂಥವರಿಗೆ ಸಹಜ. ಕೇಳುವುದು ಅಲ್ಲಿನ ರೂಢಿ. ಉತ್ತರ ಮಾತ್ರ ಲಿಖಿತವಾಗಿರಬೇಕು.

ಕೊನೆಯ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. ಅಮೆರಿಕದ ಕಾನ್ಸುಲೇಟ್ ನಮಗೆ ಹತ್ತಿರದ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲೇ ಇದೆ, ಆದರೆ ಹತ್ತಿರ ಇದ್ದ ಮಾತ್ರಕ್ಕೆ ವೀಸಾ ಬೇಗ ಸಿಗುವುದಿಲ್ಲ. 2025ರ ಮೇ ಕೊನೆಯಲ್ಲಿ ಅಮೆರಿಕ ಎಲ್ಲ ದೇಶಗಳಲ್ಲೂ ವಿದ್ಯಾರ್ಥಿ ವೀಸಾದ ಹೊಸ ಸಂದರ್ಶನಗಳನ್ನು ಕೊಡುವುದನ್ನೇ ನಿಲ್ಲಿಸಿತ್ತು. ಜೂನ್‌ನಲ್ಲಿ ಮತ್ತೆ ಶುರುವಾದಾಗ ಸೋಶಿಯಲ್ ಮೀಡಿಯಾ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ಇಡಬೇಕೆಂಬ ನಿಯಮ ಬಂತು. ಹಣವೂ ಹಾಗೆಯೇ. ಅಯೋವಾ ವಿಶ್ವವಿದ್ಯಾಲಯ 1967ರಿಂದ ದೇಶವಿದೇಶದ ಬರಹಗಾರರನ್ನು ಕರೆಸಿಕೊಳ್ಳುವ ಒಂದು ಕಾರ್ಯಕ್ರಮ ನಡೆಸುತ್ತಿದೆ. 2016ರಲ್ಲಿ ವಿವೇಕ ಶಾನಭಾಗರು ಹೋದದ್ದು ಅಲ್ಲಿಗೇ. ಅದಕ್ಕೆ ಅಮೆರಿಕ ಸರ್ಕಾರ ಕೊಡುತ್ತಿದ್ದ ನೆರವು 2025ರ ಆರಂಭದಲ್ಲಿ ನಿಂತಿತು. ಅದು ಡಿಗ್ರಿ ಕೋರ್ಸ್ ಅಲ್ಲ ನಿಜ, ಆದರೆ ದೊಡ್ಡ ಹೆಸರಿದ್ದ ಕಡೆಯೂ ಹಣ ಭದ್ರ ಅಲ್ಲ ಎಂದು ಗೊತ್ತಾಯಿತು. ಆದ್ದರಿಂದ ವೀಸಾ ಕೈಗೆ ಬರುವವರೆಗೆ ಅವಳು ಕೆಲಸಕ್ಕೆ ರಾಜೀನಾಮೆ ಕೊಡುವುದಿಲ್ಲ.

ತಾರೀಕುಗಳೂ ಗೊತ್ತಿರಲಿ. ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿವೆ: ಹಣದ ನೆರವಿನ ಜತೆ ಬಂದ ಸೀಟಿಗೆ ಏಪ್ರಿಲ್ 15ರ ಮೊದಲು ಉತ್ತರ ಕೊಡಲೇಬೇಕೆಂದು ವಿದ್ಯಾರ್ಥಿಯನ್ನು ಒತ್ತಾಯಿಸುವಂತಿಲ್ಲ. ನೆರವಿಲ್ಲದ ಸೀಟಿಗೆ ಈ ರಕ್ಷಣೆ ಇಲ್ಲ. ಪತ್ರದಲ್ಲಿರುವ ಗಡುವೇ ಗಡುವು. ಎರಡು ಮೂರು ಕಡೆ ಸೀಟು ಸಿಕ್ಕವರು ಒಂದನ್ನು ಆರಿಸಿಕೊಂಡು ಉಳಿದವನ್ನು ಬಿಡುವುದೂ ಇದೇ ಹೊತ್ತಿಗೆ. ಹಾಗಾಗಿ ವೇಟ್‌ಲಿಸ್ಟ್ ಆ ವಾರದಲ್ಲಿ ಕದಲುತ್ತದೆ. ಸೀಟುಗಳೇ ಕಡಿಮೆ. ಕಾರ್ನೆಲ್‌ನಂಥ ಕಡೆ ವರ್ಷಕ್ಕೆ ಕತೆಗೆ ನಾಲ್ವರು, ಕವಿತೆಗೆ ನಾಲ್ವರು ಅಷ್ಟೇ. ಒಬ್ಬರು ಬಿಟ್ಟರೂ ಇನ್ನೊಬ್ಬರ ಬದುಕು ಬದಲಾಗುತ್ತದೆ.

ಇಷ್ಟೆಲ್ಲ ಲೆಕ್ಕ ಮುಗಿದ ಮೇಲೂ ಒಂದು ನಷ್ಟ ಉಳಿದಿತ್ತು. ಅರ್ಜಿ ಕಳಿಸಿದ ಮೇಲೆ ಮಗಳು ಬರೆಯುವುದನ್ನೇ ನಿಲ್ಲಿಸಿದ್ದಳು. ಅಲ್ಲಿ ಹಗಲಾಗುವುದು ಇಲ್ಲಿ ರಾತ್ರಿಯಾದಾಗ. ಹಾಗಾಗಿ ನಡುರಾತ್ರಿ ಎದ್ದು ಇಮೇಲ್ ನೋಡುವುದು, ಬೆಳಿಗ್ಗೆ ಕೆಂಪು ಕಣ್ಣಿನಲ್ಲಿ ಲೋಕಲ್ ಹಿಡಿಯುವುದು. ತನ್ನನ್ನು ಯಾರೋ ಬರಹಗಾರ್ತಿ ಎಂದು ಒಪ್ಪಿಕೊಂಡ ಮೇಲೆ ಬರೆಯೋಣ ಎಂದು ಕಾಯುತ್ತಿದ್ದಂತೆ ಕಂಡಿತು ನನಗೆ. ಪತ್ರ ತೀರ್ಮಾನಿಸುವುದು ಮುಂದಿನ ಎರಡು ವರ್ಷ ಎಲ್ಲಿ ಕಳೆಯಬೇಕು, ಯಾರ ಹಣದಲ್ಲಿ ಕಳೆಯಬೇಕು ಎನ್ನುವುದನ್ನು ಮಾತ್ರ. ಅವಳಿಗೆ ಬರೆಯಲು ಬರುತ್ತದೆಯೋ ಇಲ್ಲವೋ ಎನ್ನುವುದು ಅದರಲ್ಲಿ ಇರುವುದೇ ಇಲ್ಲ. ಹಾಗಂತ ಹೇಳಿದೆ. "ಸುಲಭ ಅಲ್ಲಮ್ಮ" ಎಂದಳು. ಸುಲಭ ಅಲ್ಲ, ನಿಜ.

ಆದರೂ ಅವಳೇ ಒಂದು ದಾರಿ ಹುಡುಕಿದಳು. ಭಾನುವಾರ ಮಧ್ಯಾಹ್ನ ಇಬ್ಬರು ಗೆಳತಿಯರು ಮನೆಗೆ ಬರುತ್ತಾರೆ. ಒಬ್ಬಳು ಮರಾಠಿಯಲ್ಲಿ ಬರೆಯುತ್ತಾಳೆ, ಇನ್ನೊಬ್ಬಳು ಪಕ್ಕದ ಸಾಂತಾಕ್ರೂಜ್‌ನ ಕಲೀನಾ ಕ್ಯಾಂಪಸ್ಸಿನಲ್ಲಿ, ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಓದುತ್ತಾಳೆ. ವಾರ ಮೊದಲೇ ಕತೆ ಕಳಿಸಬೇಕು, ಬರೆದವಳು ಬಾಯಿ ಮುಚ್ಚಿ ಕೇಳಬೇಕು. ಅಯೋವಾದ ನಿಯಮವೇ. ಹಣ ಮಾತ್ರ ಚಹಾ ಮತ್ತು ಅವಲಕ್ಕಿಯದ್ದು.

ಏಪ್ರಿಲ್ 15ಕ್ಕೆ ಇನ್ನು ಹನ್ನೆರಡು ದಿನ ಇದೆ. ಇಮೇಲಿಗೆ ಉತ್ತರ ಬಂದಿಲ್ಲ. ಅಣ್ಣ ನಿನ್ನೆ ಮತ್ತೆ ಫೋನ್ ಮಾಡಿ, ಏನಾಯಿತು ಎಂದು ಕೇಳಿದ. "ಗೊತ್ತಿಲ್ಲ, ಆದರೆ ಹೊಸ ಕತೆ ಎಂಟು ಪುಟ ಆಗಿದೆ" ಎಂದೆ.