ಮನೆಯನ್ನೇ ಹೊತ್ತು ಸಾಗುವ ಸಂಸಾರ

ಪಟ್ಟಣದವರು ಮನೆ ಬದಲಿಸುವುದೆಂದರೆ ಪಾತ್ರೆಪಡಗ, ಹಾಸಿಗೆ ದಿಂಬುಗಳನ್ನು ಲಾರಿಗೇರಿಸುವುದು. ಕೃಷ್ಣೆಯ ದಂಡೆಯ ಬೀಳಗಿ, ಜಮಖಂಡಿಗಳ ಹಳ್ಳಿಗಳಲ್ಲಾದರೋ ಮನೆಯೇ ಸಾಮಾನಾಗಿಬಿಡುತ್ತದೆ!

1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲಿಟ್ಟರು. ಮುಂದೆ ಹಿನ್ನೀರು ಏರಿದಂತೆ ಬೀಳಗಿಯ ಕಡೆಯ ಹಳ್ಳಿಗಳೂ ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳೂ ಎತ್ತರದ ನೆಲವನ್ನು ಅರಸಿ ಹೊರಟವು.

ಮಾಳಿಗೆಮನೆಯಲ್ಲಿ ಬೆಲೆಬಾಳುವುದು ಗೋಡೆಯ ಮಣ್ಣಲ್ಲ, ಮರ. ಮೊದಲು ಮೇಲ್ಮುದ್ದೆಯ ಮಣ್ಣನ್ನು ಇಳಿಸಬೇಕು. ಬಳಿಕ ಜಂತಿ, ಆಮೇಲೆ ತೊಲೆ, ಕಡೆಗೆ ಕಂಬ, ಚೌಕಟ್ಟು. ಕ್ರಮ ತಪ್ಪಿದರೆ ಮಾಳಿಗೆಯು ಆಳಿನ ಮೇಲೆಯೇ ಕುಸಿದೀತು. ಆದುದರಿಂದ ಹಮಾಲರೊಡನೆ ಒಬ್ಬ ಬಡಿಗನನ್ನೂ ಗೊತ್ತುಮಾಡಿಕೊಳ್ಳತಕ್ಕದ್ದು. ಆತ ಗುರುತು ಹಾಕಿಡದಿದ್ದರೆ ಯಾವ ತೊಲೆ ಯಾವ ಕಂಬಕ್ಕೆಂಬ ಜಗಳ ಹೊಸ ಜಾಗದಲ್ಲಿ ಖಂಡಿತ. ಟ್ರ್ಯಾಕ್ಟರಿನ ಬಾಡಿಗೆಯನ್ನು ಖೇಪಿನ ಲೆಕ್ಕದಲ್ಲಿ ಮೊದಲೇ ಮಾತನಾಡಿಕೊಳ್ಳುವುದು ಜಾಣತನ. ಮಳೆ ಬಿದ್ದ ಎರೆನೆಲದಲ್ಲಿ ಗಾಲಿ ಹೂತರೆ ದಿನವೇ ಕಳೆದೀತು.

ರಬಕವಿ-ಬನಹಟ್ಟಿಯಂಥ ನೇಕಾರರ ಊರಿನಲ್ಲಿ ಕುಣಿಮಗ್ಗದ ಪಾಡು ಬೇರೆ. ಮರವನ್ನು ಬಿಚ್ಚಿ ಒಯ್ಯಬಹುದು. ಕುಣಿಯನ್ನು ಹೊಸದಾಗಿಯೇ ತೋಡಬೇಕು. ಅಷ್ಟು ದಿನ ನೇಯ್ಗೆಯಿಲ್ಲ, ಕೂಲಿಯೂ ಇಲ್ಲ.

2010ರಲ್ಲಿ ಕೃಷ್ಣಾ ಜಲವಿವಾದ ನ್ಯಾಯಮಂಡಳಿಯು ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿತು. ಆ ಗೆರೆಯೊಳಗೆ ಬರುವ ಹಳ್ಳಿಗಳಲ್ಲಿ ಸೋರುವ ಮಾಳಿಗೆಗೆ ಈ ಸಲ ಹೊಸ ಮಣ್ಣು ಹಾಕಿಸಬೇಕೋ ಬೇಡವೋ ಎಂಬ ಪ್ರಶ್ನೆ ಪ್ರತಿ ಮುಂಗಾರಿಗೆ ಮುನ್ನ ಗೃಹಿಣಿಯ ಎದುರಿಗೆ ಬಂದು ನಿಲ್ಲುತ್ತದೆ.