ಮೂಲೆಯ ಪಬ್ಬಿನಲ್ಲಿ ಸನ್ಯಾಸಿಗಳ ಲೋಕ

ಲಂಡನ್ನಿನ ಬ್ಲ್ಯಾಕ್‌ಫ್ರೈಯರ್ಸ್ ರೈಲು ನಿಲ್ದಾಣದ ಎದುರು ಕ್ವೀನ್ ವಿಕ್ಟೋರಿಯಾ ರಸ್ತೆಯ ಮೂಲೆಯಲ್ಲಿ, ಒಂದು ತುದಿಗೆ ಚೂಪಾಗುತ್ತ ಬಂದ ಇಟ್ಟಿಗೆಯ ಕಟ್ಟಡವೊಂದಿದೆ. ಒಂದು ಬದಿ ರಸ್ತೆ, ಹಿಂಬದಿಗೆ ರೈಲು ಹಳಿ. ಎರಡರ ನಡುವೆ ಉಳಿದಷ್ಟು ಜಾಗವನ್ನೇ ನೆಚ್ಚಿಕೊಂಡು ಎದ್ದ ಕಟ್ಟಡ ಅದು. ಮೂಲೆಯ ಬಾಗಿಲಿನ ಮೇಲೆ ಕಪ್ಪು ನಿಲುವಂಗಿ ತೊಟ್ಟ ದಢೂತಿ ಸನ್ಯಾಸಿಯ ಮೂರ್ತಿ. ಬೊಜ್ಜಿನ ಮೇಲೆ ಕೈ ಇಟ್ಟುಕೊಂಡು, ಬಂದವರನ್ನೆಲ್ಲ ನಗುತ್ತಲೇ ಬರಮಾಡಿಕೊಳ್ಳುತ್ತಾನೆ. ಇದೇ ‘ದಿ ಬ್ಲ್ಯಾಕ್‌ಫ್ರೈಯರ್’ ಪಬ್.

ಸನ್ಯಾಸಿಗೂ ಪಬ್ಬಿಗೂ ಏನು ನಂಟು? ಮಧ್ಯಯುಗದಲ್ಲಿ ಈ ನೆಲದಲ್ಲಿ ಡೊಮಿನಿಕನ್ ಪಂಥದ ದೊಡ್ಡ ಮಠವಿತ್ತು. ಬಿಳಿ ಉಡುಪಿನ ಮೇಲೆ ಕಪ್ಪು ನಿಲುವಂಗಿ ಹೊದೆಯುತ್ತಿದ್ದ ಆ ಸನ್ಯಾಸಿಗಳಿಂದಲೇ ಇಡೀ ಪ್ರದೇಶಕ್ಕೆ ಈ ಹೆಸರು ಬಂತು. ಎಂಟನೇ ಹೆನ್ರಿಯ ಕಾಲದಲ್ಲಿ, 1538ರಲ್ಲಿ ಮಠ ಮುಚ್ಚಿತು. ಪಬ್ ಎದ್ದದ್ದು ಅದಾಗಿ ಮೂರು ಶತಮಾನಗಳಿಗೂ ಹೆಚ್ಚು ಕಾಲದ ಮೇಲೆ, 1875ರ ಹೊತ್ತಿಗೆ. ಆಗ ಅದು ಊರಿನ ನೂರಾರು ಪಬ್‌ಗಳಲ್ಲಿ ಒಂದು, ಅಷ್ಟೆ.

ಅದರ ಭಾಗ್ಯ ತೆರೆದದ್ದು 1905ರ ಸುಮಾರಿಗೆ. ವಾಸ್ತುಶಿಲ್ಪಿ ಹರ್ಬರ್ಟ್ ಫುಲ್ಲರ್-ಕ್ಲಾರ್ಕ್ ಕಟ್ಟಡದ ಕೆಳಭಾಗವನ್ನು ಹೊಸದಾಗಿ ರೂಪಿಸಲು ಹೊರಟರು. ಅವರ ಜೊತೆಗೂಡಿದವರು ಶಿಲ್ಪಿಗಳಾದ ಫ್ರೆಡರಿಕ್ ಕಾಲ್‌ಕಾಟ್ ಮತ್ತು ಹೆನ್ರಿ ಪೂಲ್. ಯಂತ್ರದ ಉತ್ಪನ್ನಗಳ ನಡುವೆ ಕೈಕೆಲಸದ ಘನತೆಯನ್ನು ಎತ್ತಿಹಿಡಿದ ‘ಆರ್ಟ್ಸ್ ಆ್ಯಂಡ್ ಕ್ರಾಫ್ಟ್ಸ್’ ಚಳವಳಿಯ ದಿನಗಳವು. ಶ್ರೀಮಂತರ ಬಂಗಲೆಗೋ ಚರ್ಚಿಗೋ ಮೀಸಲಾಗುತ್ತಿದ್ದಂಥ ಕೆಲಸ ಇಲ್ಲಿ ದಿನದ ದುಡಿಮೆ ಮುಗಿಸಿ ಬಂದವರು ದಣಿವಾರಿಸಿಕೊಳ್ಳುವ ಕೋಣೆಗೆ ಇಳಿದುಬಂತು. ಈ ಪಬ್ಬಿನ ನಿಜವಾದ ದೊಡ್ಡತನ ಅದೇ ಎನ್ನಬೇಕು.

ಒಳಗೆ ಕಾಲಿಟ್ಟರೆ ಗೋಡೆಯ ತುಂಬ ಬಣ್ಣಬಣ್ಣದ ಅಮೃತಶಿಲೆ. ಅದರ ಮೇಲೆ ತಾಮ್ರದ ಉಬ್ಬುಶಿಲ್ಪಗಳ ಸಾಲು. ಒಂದರಲ್ಲಿ ಸನ್ಯಾಸಿಗಳು ಮೀನು, ಹಾವುಮೀನು ಹಿಡಿಯುತ್ತಿದ್ದಾರೆ. ಅದರ ಶೀರ್ಷಿಕೆ ‘ನಾಳೆ ಶುಕ್ರವಾರ’. ಶುಕ್ರವಾರ ಮಾಂಸ ನಿಷಿದ್ಧ, ಹಾಗಾಗಿ ಹಿಂದಿನ ದಿನವೇ ಈ ತಯಾರಿ. ಇನ್ನೊಂದು ‘ಶನಿವಾರದ ಮಧ್ಯಾಹ್ನ’. ಅಲ್ಲಿ ಅವರೆಲ್ಲ ತೋಟದ ಕೆಲಸದಲ್ಲಿ ಮುಳುಗಿದ್ದಾರೆ. ಬೆಂಕಿಗೂಡಿನ ಮೇಲಿನ ಫಲಕದಲ್ಲಿ ವಾದ್ಯಗಳೊಂದಿಗೆ ಹಾಡುವ ಮೇಳ. ಜಪತಪಗಳ ಬದಲು ಮಠದ ದೈನಿಕವನ್ನು ಶಿಲ್ಪಿಗಳು ಆರಿಸಿಕೊಂಡಿದ್ದಾರೆ. ಆದ್ದರಿಂದಲೇ ಈ ಮುಖಗಳು ನಮಗೆ ಪರಿಚಿತ ಎನಿಸುತ್ತವೆ.

ಅಲ್ಲಿಂದ ಮೂರು ತಗ್ಗಿನ ಕಮಾನುಗಳನ್ನು ದಾಟಿದರೆ ಒಳಕೋಣೆ. ಒಂದನೇ ಮಹಾಯುದ್ಧದ ಹೊತ್ತಿಗೆ ಆರಂಭವಾಗಿ ಅದರ ನಂತರ ಮುಗಿದ ಈ ಭಾಗ ರೈಲು ಹಳಿಯ ಅಡಿಯಲ್ಲೇ ಇದೆ. ಮೊಸಾಯಿಕ್ ಹೊದ್ದ ಕಮಾನು ಚಾವಣಿ. ಅದರ ಕೆಳಗೆ ‘ಅವಸರವೇ ನಿಧಾನ’, ‘ಆಡಂಬರವೇ ಮೂರ್ಖತನ’ ಎಂಬರ್ಥದ ಹಿತನುಡಿಗಳು. ಒಂದು ಫಲಕದ ಮುಂದೆ ಬಹಳ ಹೊತ್ತು ನಿಲ್ಲಬಹುದು: ಸನ್ಯಾಸಿಗಳು ಬಟ್ಟೆ ಒಗೆಯುತ್ತಿದ್ದಾರೆ. ಜಾಹೀರಾತು ಕೊಡಬೇಡ, ಹರಟೆಮಲ್ಲನ ಕಿವಿಗೆ ಹಾಕು ಎಂಬುದು ಅದರ ಬುದ್ಧಿಮಾತು. ಬಟ್ಟೆ ಒಗೆಯುವ ಕಡೆ ಊರಿನ ಸುದ್ದಿ ಹಬ್ಬುತ್ತದೆಂಬುದು ಯಾವ ನಾಡಿನವರಿಗೂ ವಿವರಿಸಿ ಹೇಳಬೇಕಾದ ಸಂಗತಿಯಲ್ಲ.

ಇಷ್ಟೆಲ್ಲ ಇದ್ದೂ 1960ರ ದಶಕದಲ್ಲಿ ಈ ಕಟ್ಟಡ ನೆಲಸಮವಾಗುವುದರಲ್ಲಿತ್ತು. ಪ್ರದೇಶದ ಮರುನಿರ್ಮಾಣದ ಯೋಜನೆಯಲ್ಲಿ ಹಳೆಯ ಪಬ್ಬಿಗೆ ಜಾಗವಿರಲಿಲ್ಲ. ಕವಿ ಜಾನ್ ಬೆಟ್ಜಮನ್ ಮುಂಚೂಣಿಯಲ್ಲಿದ್ದ ಹೋರಾಟ ಅದನ್ನು ಉಳಿಸಿತು. 1972ರಲ್ಲಿ ಪಬ್ ಸಂರಕ್ಷಿತ ಕಟ್ಟಡಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. ಅದೇ ವರ್ಷ ಬೆಟ್ಜಮನ್ ಬ್ರಿಟನ್ನಿನ ಆಸ್ಥಾನಕವಿಯಾದರು.

ಇಂಗ್ಲೆಂಡಿನ ಈ ಪಟ್ಟಿಯಲ್ಲಿ ಮೂರು ದರ್ಜೆಗಳಿವೆ: ಗ್ರೇಡ್ 1, ಗ್ರೇಡ್ 2 ಸ್ಟಾರ್, ಗ್ರೇಡ್ 2. ಪಟ್ಟಿಯ ಶೇ 90ಕ್ಕೂ ಹೆಚ್ಚು ಕಟ್ಟಡಗಳು ಕೊನೆಯ ದರ್ಜೆಯವು. ಬ್ಲ್ಯಾಕ್‌ಫ್ರೈಯರ್ ನಡುವಿನದು. ಪಟ್ಟಿಗೆ ಸೇರಿತೆಂದರೆ ಹೊರಗೋಡೆಗಷ್ಟೇ ಅಲ್ಲ, ಒಳಾಂಗಣಕ್ಕೂ ರಕ್ಷಣೆ. ಅದರ ಸ್ವರೂಪವನ್ನು ಬದಲಿಸುವ ಯಾವ ಕೆಲಸಕ್ಕೂ ಮುನ್ನ ಸ್ಥಳೀಯ ಆಡಳಿತದ ಒಪ್ಪಿಗೆ ಬೇಕು. ಒಪ್ಪಿಗೆ ಇಲ್ಲದೆ ಕೆಡವಿದರೆ ಅದು ಅಪರಾಧ. ಪಬ್‌ಗಳಿಗೆ ಮೇಲಿನ ದರ್ಜೆ ಸಿಗುವುದು ಅಪರೂಪ. ಲಿವರ್‌ಪೂಲ್‌ನ ಹೋಪ್ ರಸ್ತೆಯ ಮೂಲೆಯಲ್ಲಿರುವ ‘ಫಿಲ್‌ಹಾರ್ಮೋನಿಕ್ ಡೈನಿಂಗ್ ರೂಮ್ಸ್’ 2020ರಲ್ಲಿ ಗ್ರೇಡ್ 1ಕ್ಕೆ ಏರಿದಾಗ ಅದು ದೇಶವ್ಯಾಪಿ ಸುದ್ದಿಯಾಗಿತ್ತು.

ಪಟ್ಟಿಗೆ ಸೇರುವ ಮೊದಲೇ ಕೆಡವಿಬಿಟ್ಟರೆ? ಲಂಡನ್ನಿನ ಇನ್ನೊಂದು ಭಾಗದಲ್ಲಿ ಆದದ್ದು ಅದೇ. 1920–21ರಲ್ಲಿ ಕಟ್ಟಿದ ‘ಕಾರ್ಲ್‌ಟನ್ ಟ್ಯಾವರ್ನ್’ ಎರಡನೇ ಮಹಾಯುದ್ಧದ ಬಾಂಬ್ ದಾಳಿಯಲ್ಲೂ ಉಳಿದುಕೊಂಡಿತ್ತು. ಅದನ್ನು ಪಟ್ಟಿಗೆ ಸೇರಿಸುವ ಪ್ರಕ್ರಿಯೆ ನಡೆದಿರುವಾಗಲೇ, 2015ರ ಏಪ್ರಿಲ್‌ನಲ್ಲಿ, ಮಾಲೀಕರು ಅನುಮತಿ ಪಡೆಯದೆ ಬುಲ್ಡೋಜರ್ ಹರಿಸಿದರು. ಅಕ್ಕಪಕ್ಕದ ನಿವಾಸಿಗಳು ಸುಮ್ಮನಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೇ ಮತ್ತೆ ಕಟ್ಟಿಕೊಡಿ ಎಂದು ವೆಸ್ಟ್‌ಮಿನ್‌ಸ್ಟರ್ ನಗರಾಡಳಿತ ಆದೇಶಿಸಿತು. ಮೇಲ್ಮನವಿಯಲ್ಲೂ ಆ ಆದೇಶವೇ ಉಳಿಯಿತು. 2021ರ ಏಪ್ರಿಲ್‌ನಲ್ಲಿ ಪಬ್ ಮತ್ತೆ ಬಾಗಿಲು ತೆರೆಯಿತು.

ಅದು ಸಾಧ್ಯವಾದದ್ದಕ್ಕೆ ಕಾರಣ, ಪಟ್ಟಿಗಾಗಿ ಪರಿಶೀಲನೆ ನಡೆಸಿದವರು ಕಟ್ಟಡದ ವಿವರಗಳನ್ನು ಮೊದಲೇ ದಾಖಲಿಸಿಟ್ಟಿದ್ದರು. ಕೆಡವುವುದಕ್ಕೆ ಒಂದು ದಿನ ಸಾಕು. ಎಲ್ಲಿ ಯಾವ ಹೆಂಚು ಕೂತಿತ್ತೆಂದು ಯಾರೂ ಬರೆದಿಡದಿದ್ದರೆ ಯಾವ ಆದೇಶವೂ ಅದನ್ನು ಮರಳಿ ತಾರದು. ಬ್ಲ್ಯಾಕ್‌ಫ್ರೈಯರ್ ಉಳಿದದ್ದೂ ಅದನ್ನು ಗಮನವಿಟ್ಟು ನೋಡಿ, ಅದರ ಬೆಲೆಯನ್ನು ಬಾಯಿಬಿಟ್ಟು ಹೇಳಿದವರಿಂದ. ಸಂರಕ್ಷಣೆಯ ಮೊದಲ ಹೆಜ್ಜೆ ಕಾನೂನಲ್ಲ, ನೋಡುವುದು ಮತ್ತು ಬರೆದಿಡುವುದು. ಕಾನೂನಿನ ಕೆಲಸ ಅಲ್ಲಿಂದ ಮುಂದಕ್ಕೆ.

ಲಂಡನ್ನಿಗೆ ಹೋದ ಕನ್ನಡಿಗರು ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರಲ್ಲಿ ಅನಾವರಣಗೊಂಡ ಬಸವಣ್ಣನವರ ಪುತ್ಥಳಿಗೆ ನಮಿಸದೆ ಬರುವುದು ಕಡಿಮೆ. ಅಲ್ಲಿಂದ ನದಿಯ ಗುಂಟ ಹರಿವಿನ ದಿಕ್ಕಿಗೆ ನಡೆದು, ಬ್ಲ್ಯಾಕ್‌ಫ್ರೈಯರ್ಸ್ ಸೇತುವೆ ದಾಟಿದರೆ ಈ ಪಬ್ ಸಿಗುತ್ತದೆ. ಕುಡಿಯದವರಿಗೆ ಊಟವೂ ಉಂಟು. ಮಧ್ಯಾಹ್ನದ ಗದ್ದಲ ಕಳೆದ ಮೇಲೆ ಹೋಗಿ, ಮೊದಲು ಹೊರಗಿನಿಂದ ಒಂದು ಸುತ್ತು ಹಾಕಿ, ಆಮೇಲೆ ಒಳಕೋಣೆಯಲ್ಲಿ ಕುಳಿತು ಫಲಕಗಳನ್ನು ಒಂದೊಂದಾಗಿ ನೋಡಿ. ಅವುಗಳನ್ನು ಮಾಡಿದವರು ಅಷ್ಟು ವ್ಯವಧಾನವನ್ನು ನಮ್ಮಿಂದ ಕೇಳಿಕೊಂಡೇ ಕೆಲಸ ಮಾಡಿದ್ದಾರೆ.