ರೋಗಿಗಳ ಅಂಕಿಗಳೂ ಯಂತ್ರದ ಚಿತ್ರಗಳೂ

ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತ ತಂದೆಗಳ ಮಕ್ಕಳು ಇಂದು ಆಸ್ಪತ್ರೆಗಳಲ್ಲಿಯೂ ಪ್ರಯೋಗಶಾಲೆಗಳಲ್ಲಿಯೂ ರೋಗಿಗಳ ಅಂಕಿಅಂಶಗಳನ್ನು ಬರೆದಿಡುವ ಉದ್ಯೋಗದಲ್ಲಿರುವುದು ನಮಗೆ ಅಭಿಮಾನದ ಸಂಗತಿ. ಅವರ ಮೇಜಿಗೆ ಈಗ ಹೊಸ ಸಹಾಯಕನೊಬ್ಬನು ಬಂದಿದ್ದಾನೆ. ೨೦೨೨ರ ನವೆಂಬರ್ ೩೦ರಂದು ಚಾಟ್‌ಜಿಪಿಟಿಯು ಸಾರ್ವಜನಿಕರಿಗೆ ದೊರೆತಂದಿನಿಂದ, ಮಾತಿನಲ್ಲಿ ಕೇಳಿದರೆ ಕಂಪ್ಯೂಟರಿಗೆ ಬೇಕಾದ ಆದೇಶಗಳನ್ನು ತಾನೇ ಬರೆದು ನಕ್ಷೆ ತೆಗೆದುಕೊಡುವ ಕೃತಕ ಬುದ್ಧಿಯ ಯಂತ್ರಗಳು ಒಂದರ ಹಿಂದೊಂದಾಗಿ ಬಂದಿವೆ. ಆದರೆ ಕೇಳುವುದಕ್ಕೂ ಒಂದು ಕ್ರಮವುಂಟು.

ರೋಗದ ಲೆಕ್ಕವನ್ನು ಚಿತ್ರದಲ್ಲಿ ತೋರಿಸುವುದು ಹೊಸತಲ್ಲ. ಕ್ರಿಮಿಯಾ ಯುದ್ಧದ ಸೈನಿಕರು ಗಾಯಗಳಿಗಿಂತ ಹೆಚ್ಚಾಗಿ ತಡೆಯಬಹುದಾಗಿದ್ದ ರೋಗಗಳಿಂದಲೇ ಸತ್ತರೆಂಬುದನ್ನು ಫ್ಲಾರೆನ್ಸ್ ನೈಟಿಂಗೇಲರು ೧೮೫೮ರಲ್ಲಿ ಬಣ್ಣದ ಚಿತ್ರದಿಂದ ತೋರಿಸಿಕೊಟ್ಟರು. ಸರಿಯಾಗಿ ನೂರು ವರ್ಷಗಳ ತರುವಾಯ, ೧೯೫೮ರಲ್ಲಿ, ಕಪ್ಲಾನ್ ಮತ್ತು ಮೇಯರ್ ಎಂಬಿಬ್ಬರು ಚಿಕಿತ್ಸೆ ಪಡೆದವರಲ್ಲಿ ಎಷ್ಟು ಮಂದಿ ಎಷ್ಟು ಕಾಲ ಬದುಕಿದರೆಂಬುದನ್ನು ಮೆಟ್ಟಿಲಿನಂತೆ ಇಳಿಯುವ ಗೆರೆಯಿಂದ ತೋರಿಸುವ ವಿಧಾನವನ್ನು ಪ್ರಕಟಿಸಿದರು. ಇಂದಿಗೂ ಕ್ಯಾನ್ಸರ್ ಔಷಧಿಗಳ ವರದಿಗಳಲ್ಲಿ ಕಾಣುವುದು ಆ ಗೆರೆಯೇ.

ಮಾಣಿಯು ಒಳಗೆ ಹೋಗಿ ‘ದೋಸೆ ಒಂದು’ ಎಂದಷ್ಟೇ ಕೂಗಿದರೆ ಭಟ್ಟರು ತಮಗೆ ತೋಚಿದ್ದನ್ನು ಹೊಯ್ದು ಕಳುಹಿಸುತ್ತಾರೆ. ‘ಮಸಾಲೆ ಒಂದು, ಗರಿಗರಿ, ಚಟ್ನಿ ಬೇರೆ’ ಎಂದರೆ ಗಿರಾಕಿಗೆ ಬೇಕಾದದ್ದೇ ಬರುತ್ತದೆ. ವರ್ಷಗಟ್ಟಲೆ ಗಲ್ಲಾದ ಮುಂದೆ ಕುಳಿತ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಯಂತ್ರಕ್ಕೂ ಹಾಗೆಯೇ ಹೇಳಬೇಕು: ಮೊದಲನೆಯ ಕಾಲಮಿನಲ್ಲಿ ಕ್ರಮಸಂಖ್ಯೆ, ಎರಡನೆಯದರಲ್ಲಿ ಚಿಕಿತ್ಸೆ, ಮೂರನೆಯದರಲ್ಲಿ ತಿಂಗಳುಗಳು, ನಾಲ್ಕನೆಯದರಲ್ಲಿ ಮರಣವಾಗಿದ್ದರೆ ೧, ಇಲ್ಲವಾದರೆ ೦. ಈ ಕೊನೆಯ ಮಾತನ್ನು ಬಿಟ್ಟರೆ ಯಂತ್ರವು ೧ನ್ನು ಬದುಕಿದವರೆಂದು ತಿಳಿದು ಸತ್ತವರನ್ನೇ ಜೀವಂತರ ಸಾಲಿಗೆ ಸೇರಿಸಿಬಿಡಬಹುದು. ಚಿತ್ರವೇನೋ ಅಂದವಾಗಿಯೇ ಇರುತ್ತದೆ.

ಚಿಕಿತ್ಸೆಯ ನಡುವೆ ಊರಿಗೆ ಹೊರಟುಹೋಗಿ ಮರಳಿ ಬಾರದವರ ಗತಿಯೇನು? ಪರಸ್ಥಳದಲ್ಲಿ ದುಡಿಯುವ ನಮ್ಮವರಲ್ಲಿ ಇಂಥವರಿಲ್ಲದಿಲ್ಲ. ಆಸ್ಪತ್ರೆಯ ಪುಸ್ತಕದಲ್ಲಿ ಅವರು ಸತ್ತವರೂ ಅಲ್ಲ, ಗುಣವಾದವರೂ ಅಲ್ಲ. ಕಪ್ಲಾನ್-ಮೇಯರ್ ವಿಧಾನವು ಅವರನ್ನು ಕಡೆಯ ಬಾರಿ ಕಂಡ ದಿನದವರೆಗೆ ಲೆಕ್ಕಕ್ಕೆ ಹಿಡಿದು, ಗೆರೆಯ ಮೇಲೆ ಒಂದು ಸಣ್ಣ ಗೀಟು ಹಾಕಿ ಬಿಡುತ್ತದೆ. ಉಳಿದವರ ಗತಿಯೇ ಅವರದೂ ಎಂಬುದು ಅದರ ಊಹೆ. ಆದರೆ ಕಾಯಿಲೆ ಮೀರಿದವರೇ ಊರಿನ ದಾರಿ ಹಿಡಿದಿದ್ದರೆ ಚಿತ್ರವು ವಾಸ್ತವಕ್ಕಿಂತ ಚೆಲುವಾಗಿ ಬರುವುದು. ಆದುದರಿಂದ ಆ ಗೀಟುಗಳನ್ನು ತೋರಿಸೆಂದೂ, ಆಯಾ ಕಾಲದಲ್ಲಿ ಲೆಕ್ಕದೊಳಗೆ ಉಳಿದವರ ಸಂಖ್ಯೆಯನ್ನು ಚಿತ್ರದ ಕೆಳಗೆ ಬರೆಯೆಂದೂ ಯಂತ್ರಕ್ಕೆ ತಪ್ಪದೆ ಹೇಳಬೇಕು.

ಸರಾಸರಿಯ ಮೋಸ ಇನ್ನೊಂದು ಬಗೆಯದು. ಐವರ ರಕ್ತದ ಸಕ್ಕರೆ ತಲಾ ೧೪೦ ಎಂದಿಟ್ಟುಕೊಳ್ಳೋಣ. ಬೇರೆ ಐವರಲ್ಲಿ ನಾಲ್ವರಿಗೆ ೧೧೦, ಒಬ್ಬನಿಗೆ ೨೬೦. ಎರಡು ಗುಂಪಿನ ಸರಾಸರಿಯೂ ೧೪೦. ಕಂಬದ ಚಿತ್ರ ಬರೆದರೆ ಎರಡೂ ಸಮನಾಗಿ ನಿಲ್ಲುತ್ತವೆ, ಆ ಒಬ್ಬನು ಕಾಣಿಸುವುದೇ ಇಲ್ಲ. ‘ಪ್ರತಿಯೊಬ್ಬ ರೋಗಿಗೂ ಒಂದು ಚುಕ್ಕೆ ಇಡು’ ಎಂದು ಹೇಳಿದರೆ ಅವನು ಮೇಲೆ ಒಂಟಿಯಾಗಿ ಕಾಣುತ್ತಾನೆ. ಕಂಬವನ್ನೇ ಬರೆಸುವುದಾದರೆ ಸೊನ್ನೆಯಿಂದಲೇ ಏಳಲಿ. ಹಿಮೋಗ್ಲೋಬಿನ್ ೧೧.೮ನ್ನೂ ೧೨.೨ನ್ನೂ ೧೧.೫ರಿಂದ ಆರಂಭಿಸಿ ಬರೆದರೆ ಒಂದು ಕಂಬವು ಇನ್ನೊಂದಕ್ಕೆ ಎರಡು ಪಟ್ಟು ಮೀರಿ ಕಾಣುವುದು. ಕೆಂಪು ಹಸಿರುಗಳ ಭೇದ ಕಾಣದವರಿರುವುದರಿಂದ ಆ ಜೋಡಿಯೂ ಬೇಡ.

ಈ ಯಂತ್ರಗಳಿಗೆ ಇನ್ನೊಂದು ದುರ್ಗುಣವಿದೆ. ಅಂಕಿಗಳನ್ನು ಕೊಡದೆ ಚಿತ್ರ ಕೇಳಿದರೆ ಅವು ಅಂಕಿಗಳನ್ನು ತಾವೇ ಹುಟ್ಟಿಸಿ ಬರೆದುಬಿಡಬಲ್ಲವು. ಚಿತ್ರ ಕೈಗೆ ಬಂದೊಡನೆ ರೋಗಿಗಳ ಒಟ್ಟು ಸಂಖ್ಯೆ, ಬಿಟ್ಟುಹೋದ ಸಾಲುಗಳು, ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ಬೆಲೆಗಳನ್ನು ರಾತ್ರಿ ಗಲ್ಲಾ ಎಣಿಸುವಷ್ಟೇ ಎಚ್ಚರದಿಂದ ಮೂಲ ಪಟ್ಟಿಗೆ ತಾಳೆ ನೋಡಬೇಕು. ರೋಗಿಯ ಹೆಸರು, ಫೋನ್, ವಿಳಾಸಗಳನ್ನು ಹೊರಗಿನ ಯಂತ್ರಕ್ಕೆ ಕೊಡಲೇಕೂಡದು. ಆಸ್ಪತ್ರೆಯ ಅಪ್ಪಣೆಯಿಲ್ಲದೆ ಪಟ್ಟಿಯನ್ನೂ ಕಳುಹಿಸಕೂಡದು. ಹತ್ತು ಸುಳ್ಳು ಸಾಲುಗಳ ಮಾದರಿಯನ್ನು ಕೊಟ್ಟು ಆದೇಶಗಳನ್ನಷ್ಟೇ ಬರೆಸಿಕೊಂಡು, ನಿಜವಾದ ಅಂಕಿಗಳನ್ನು ಕಚೇರಿಯ ಕಂಪ್ಯೂಟರಿನಲ್ಲಿಯೇ ಓಡಿಸುವುದು ಲೇಸು. ಆ ಆದೇಶಗಳನ್ನು ತಾರೀಖು ಹಾಕಿ ಜೋಪಾನವಾಗಿರಿಸಿದರೆ, ಮುಂದಿನ ವರ್ಷ ವೈದ್ಯರು ಇದೇ ಚಿತ್ರವನ್ನು ಹೊಸ ಅಂಕಿಗಳೊಡನೆ ಕೇಳಿದಾಗ ಕೆಲಸವನ್ನು ಮೊದಲಿನಿಂದ ತೊಡಗಬೇಕಾಗುವುದಿಲ್ಲ.